ಬಣ್ಣ ಬಳಿಯದೆಯೇ ಮಾರಿದೆವು

ಕಳೆದ ವರ್ಷ ದೀಪಾವಳಿ ಮುಗಿದ ವಾರದಲ್ಲಿ ನಾವು ಒಡಹುಟ್ಟಿದ ಮೂವರೂ ಮುಂಬಯಿಯಲ್ಲಿ ಸೇರಿ ನಮ್ಮ ತಂದೆಯವರ ಕಾರನ್ನು ಮಾರಿದೆವು. ಅದು 1949ರ ಮಾರಿಸ್ ಮೈನರ್ ಟೂರರ್; ಬಟ್ಟೆಯ ಹುಡ್ಡನ್ನು ಹಿಂದಕ್ಕೆ ಮಡಚಿದರೆ ಆಕಾಶಕ್ಕೆ ತೆರೆದುಕೊಳ್ಳುವ ಸಣ್ಣ ಗಾಡಿ. ಸುದ್ದಿ ತಿಳಿದ ಬಂಧುಮಿತ್ರರಿಂದ ಎರಡು ಬಗೆಯ ಆಕ್ಷೇಪಣೆಗಳು ಬಂದವು. ‘ಅಪ್ಪ ಅಷ್ಟು ಅಕ್ಕರೆಯಿಂದ ಇಟ್ಟುಕೊಂಡ ಗಾಡಿಯನ್ನು ಮಾರಲು ನಿಮಗೆ ಮನಸ್ಸಾದರೂ ಹೇಗೆ ಬಂತು?’ ಎಂದು ಕೆಲವರು ಕೇಳಿದರು. ‘ಮಾರುವುದೇ ಆಗಿದ್ದರೆ ಚೆನ್ನಾಗಿ ಬಣ್ಣ ಹೊಡೆಸಿ, ಹೊಸದರಂತೆ ಮಾಡಿಸಿ ಮಾರಬಾರದಿತ್ತೆ? ಕೈಗೆ ಇನ್ನಷ್ಟು ದುಡ್ಡು ಬರುತ್ತಿತ್ತು’ ಎಂದು ಉಳಿದವರು ಬುದ್ಧಿ ಹೇಳಿದರು.

ಎರಡನೆಯ ಆಕ್ಷೇಪಣೆ ನಮಗೆ ಹೆಚ್ಚು ಅಪಾಯಕಾರಿಯಾಗಿ ಕಂಡಿದೆ. ಹಳೆಯದನ್ನು ಗೌರವಿಸುವುದೆಂದರೆ ಅದನ್ನು ಹೊಸದಾಗಿಸುವುದು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸುವವನು ಜಿಪುಣನಂತೆಯೋ ಸೋಮಾರಿಯಂತೆಯೋ ಕಾಣುತ್ತಾನೆ. ನಮ್ಮ ವಾದ ಇಷ್ಟು: ಒಂದು ವಸ್ತು ತನ್ನ ಮೂಲರೂಪದಲ್ಲಿ ಇರುವುದು ಒಂದೇ ಸಲ. ಅದನ್ನು ಅಳಿಸಿದ ಮೇಲೆ ಎಷ್ಟು ಹಣ ಸುರಿದರೂ ಮರಳಿ ತರಲಾಗದು. ಆದ್ದರಿಂದ ಇನ್ನೂ ಮೂಲರೂಪದಲ್ಲಿರುವ ಹಳೆಯ ಕಾರಿಗೆ ‘ರಿಸ್ಟೊರೇಶನ್’ ಮಾಡಿಸುವುದು ಅದನ್ನು ಉಳಿಸುವ ಕ್ರಮವಲ್ಲ. ಅದು ನಯವಾದ ಬಗೆಯ ನಾಶ. ಇನ್ನು ಮೊದಲನೆಯ ಆಕ್ಷೇಪಣೆಗೂ ಉತ್ತರ ಇದರಲ್ಲೇ ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇವೆ.

ಮೊದಲು ಗಾಡಿಯ ಪರಿಚಯ. ನಮ್ಮ ತಂದೆಯವರು ಧಾರವಾಡದಿಂದ ಮುಂಬಯಿಗೆ ಬಂದು ಹತ್ತಿ ಗಿರಣಿಯೊಂದರಲ್ಲಿ ಎಂಜಿನಿಯರ್ ಆಗಿದ್ದವರು. 1963ರಲ್ಲಿ, ಗ್ರಾಂಟ್ ರೋಡಿನ ಪಾರಸಿ ಕುಟುಂಬವೊಂದರಿಂದ ಇದನ್ನು ಕೊಂಡರು. ಹೊರದೇಶದ ಕಾರುಗಳ ಆಮದಿಗೆ 1950ರ ದಶಕದಲ್ಲಿ ಕಡಿವಾಣ ಬಿದ್ದ ಮೇಲೆ, ಅದಕ್ಕೂ ಮುನ್ನ ಬಂದಿಳಿದಿದ್ದ ಗಾಡಿಗಳು ಕೈಯಿಂದ ಕೈಗೆ ದಾಟುತ್ತ ದಶಕಗಟ್ಟಲೆ ಓಡುತ್ತಿದ್ದ ಕಾಲ ಅದು. ಮಾತುಂಗದ ನಮ್ಮ ಮನೆಯಿಂದ ಭಾನುವಾರ ಸಂಜೆ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಿಗೆ, ಬೇಸಿಗೆ ರಜೆಯಲ್ಲಿ ಪುಣೆ, ಕೊಲ್ಹಾಪುರ, ಬೆಳಗಾವಿಗಳನ್ನು ದಾಟಿ ಧಾರವಾಡಕ್ಕೆ ನಾವು ಹೋದದ್ದು ಅದರಲ್ಲೇ. ಅದರ 918 ಸಿಸಿ ಎಂಜಿನ್ನಿಗೆ ನೀರಿನ ಪಂಪು ಇರಲಿಲ್ಲ. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಚಲನೆಯಿಂದಲೇ ಅದು ತಣಿಯಬೇಕು. ಬೋರ್ ಘಾಟ್ ಹತ್ತುವಾಗ ಶಿಂಗ್ರೋಬಾ ಗುಡಿಯ ಆಸುಪಾಸಿನಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ಅಪ್ಪ ಬಾನೆಟ್ ಎತ್ತಿಟ್ಟು, ಗಡಿಯಾರ ನೋಡುತ್ತ ಕೂರುತ್ತಿದ್ದರು. ಅಮ್ಮ ತೆರೆದ ಬಾಗಿಲಿನ ಮೇಲಂಚಿಗೆ ಕೈಯೂರಿ ಕಣಿವೆ ನೋಡುತ್ತಿದ್ದರು. ಅವರ ಬಳೆಗಳು ತಾಗಿ ತಾಗಿ ಆ ಅಂಚಿನ ಮರೂನ್ ಬಣ್ಣ ಗೇಣುದ್ದ ಸವೆದು, ಕೆಳಗಿನ ಪ್ರೈಮರ್ ಕಾಣುತ್ತದೆ. ಈ ಗೇಣುದ್ದದ ಸವೆತವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇದು ಅಪರೂಪದ ಕಾರಲ್ಲ. ಮಾರಿಸ್ ಮೈನರ್ 1960ರ ಕೊನೆಗೆ ಹತ್ತು ಲಕ್ಷದ ಗಡಿ ಮುಟ್ಟಿದ ಮೊದಲ ಬ್ರಿಟಿಷ್ ಕಾರು, ಜನಸಾಮಾನ್ಯರ ಗಾಡಿ. ಅದರ ವಿನ್ಯಾಸಕಾರ ಅಲೆಕ್ ಇಸಿಗೊನಿಸ್. 1948ರಲ್ಲಿ ಗಾಡಿ ಲಂಡನ್ನಿನ ಪ್ರದರ್ಶನಕ್ಕೆ ಬರುವ ಮುನ್ನ, ಬಹುಮಟ್ಟಿಗೆ ಸಿದ್ಧವಾಗಿದ್ದ ಮಾದರಿ ತೀರ ಇಕ್ಕಟ್ಟಾಗಿ ಕಾಣುತ್ತಿದೆ ಎನ್ನಿಸಿ ಆತ ಅದನ್ನು ಉದ್ದಕ್ಕೆ ಎರಡು ಹೋಳಾಗಿ ಕೊಯ್ಯಿಸಿದ. ಎರಡು ಅರ್ಧಗಳನ್ನು ದೂರ ಸರಿಸುತ್ತ ಹೋಗಿ, ನಾಲ್ಕು ಇಂಚಿನ ಅಂತರದಲ್ಲಿ ಕಣ್ಣಿಗೆ ಸರಿಯೆನ್ನಿಸಿದಾಗ ನಿಲ್ಲಿಸಿದ. ಹಾಗಾಗಿಯೇ ಮೈನರ್ ಕಾರಿನ ಬಾನೆಟ್ಟಿನ ನಡುವೆ ಒಂದು ಚಪ್ಪಟೆಯಾದ ಪಟ್ಟಿ ಇದೆ. ಆದರೆ ಹಳೆಯ ಅಳತೆಗೆ ಬಂಪರುಗಳು ಆಗಲೇ ತಯಾರಾಗಿದ್ದವು. ಅವನ್ನು ಎಸೆಯುವ ಬದಲು ನಡುವೆ ಕತ್ತರಿಸಿ, ನಾಲ್ಕು ಇಂಚಿನ ತುಂಡೊಂದನ್ನು ಸೇರಿಸಿ ಜೋಡಿಸಿದರು. ಮೊದಲ ವರ್ಷಗಳ ಮೈನರ್ ಕಾರುಗಳ ಬಂಪರಿನ ನಡುವೆ ಆ ತೇಪೆ ಇಂದಿಗೂ ಕಾಣುತ್ತದೆ. ಕವಿ ತನ್ನ ಹಸ್ತಪ್ರತಿಯಲ್ಲಿ ಸಾಲೊಂದನ್ನು ಹೊಡೆದು ಹಾಕಿ ಮೇಲೆ ಬರೆದ ತಿದ್ದುಪಡಿಗೂ ಇದಕ್ಕೂ ಏನು ವ್ಯತ್ಯಾಸ?

ನಮ್ಮ ಗಾಡಿಯ ಬಂಪರಿನಲ್ಲಿ ಆ ತೇಪೆ ಇದೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಕಿರಿಯರಾದವರ ಒತ್ತಾಯಕ್ಕೆ ಮಣಿದು, ಹಳೆಯ ಕಾರುಗಳನ್ನು ಹೊಸದಾಗಿಸುವ ಕಾರ್ಯಾಗಾರವೊಂದಕ್ಕೆ ಗಾಡಿಯನ್ನು ತೋರಿಸಲು ಒಯ್ದೆವು. ಅಲ್ಲಿನ ಯಜಮಾನರು ಸಜ್ಜನರು, ಕೈಕೆಲಸ ಬಲ್ಲವರು. ಗಾಡಿಯನ್ನು ಸುತ್ತು ಹಾಕಿ ಮೊದಲು ಬೆರಳು ತೋರಿದ್ದು ಬಂಪರಿನ ತೇಪೆಗೆ. ಯಾವುದೋ ಅಪಘಾತದಲ್ಲಿ ಮುರಿದದ್ದನ್ನು ಯಾರೋ ಕಳಪೆಯಾಗಿ ಸೇರಿಸಿದ್ದಾರೆ, ಚಿಂತೆ ಬೇಡ, ಒಂದೇ ತುಂಡಿನ ಹೊಸ ಬಂಪರ್ ಮಾಡಿ ಕ್ರೋಮ್ ಹಾಕಿಸಿ ಕೊಡುತ್ತೇವೆ ಎಂದರು. ಆಮೇಲೆ ಬಾಗಿಲಿನ ಮೇಲಂಚನ್ನು ಸವರಿ, ಇದೂ ಹೋಗಿಬಿಡುತ್ತದೆ ಎಂದರು. ಅವರು ಭರವಸೆಯಾಗಿ ಆಡಿದ ಆ ಮಾತು ನಮಗೆ ಬೆದರಿಕೆಯಂತೆ ಕೇಳಿಸಿತು. ಗಾಡಿಯನ್ನು ಹೊಸದಾಗಿಸಲು ಹಟ ಹಿಡಿದಿದ್ದವರೇ ಮೊದಲು ಬಾಗಿಲು ತೆಗೆದು ಒಳಗೆ ಕುಳಿತರು. ನಾವು ಹಿಂದಿರುಗಿದೆವು.

ಹೊಸದಾಗಿಸುವ ಕೆಲಸದಲ್ಲಿ ನಿಜವಾಗಿ ಏನು ನಡೆಯುತ್ತದೆಂಬುದನ್ನು ನೋಡೋಣ. ಗಾಡಿಯನ್ನು ಬಿಚ್ಚಿ, ಬಣ್ಣವನ್ನು ರಾಸಾಯನಿಕದಿಂದಲೋ ಮರಳು ಹೊಡೆತದಿಂದಲೋ ತಗಡಿನವರೆಗೂ ತೆಗೆಯುತ್ತಾರೆ. ಕಾರ್ಖಾನೆಯಲ್ಲಿ ಯಾವ ಪದರದ ಮೇಲೆ ಯಾವ ಪದರ ಬಂತು, ಎಲ್ಲಿ ತೆಳುವಾಗಿತ್ತು, ಯಾವ ಮೂಲೆಗೆ ಬಣ್ಣಗಾರನ ಕೈ ತಲುಪಿರಲಿಲ್ಲ ಎಂಬ ಸಾಕ್ಷ್ಯವೆಲ್ಲ ಅಲ್ಲಿಗೆ ಮುಗಿಯಿತು. ತುಕ್ಕು ಹಿಡಿದ ಭಾಗಗಳ ಜೊತೆಗೆ ಹಿಡಿಯದ ಭಾಗಗಳೂ ‘ಹೇಗೂ ಬಿಚ್ಚಿದ್ದೇವಲ್ಲ’ ಎಂಬ ಕಾರಣಕ್ಕೆ ಬದಲಾಗುತ್ತವೆ. ಸೀಟಿನ ಹಳೆಯ ಹೊದಿಕೆ, ಅದರೊಳಗಿನ ತುಂಬುವಸ್ತು, ಹೊಲಿಗೆಯ ದಾರ ಕಸದ ತೊಟ್ಟಿಗೆ ಹೋಗುತ್ತವೆ. ಬಟ್ಟೆ ಸುತ್ತಿದ ವಯರುಗಳ ಜಾಗದಲ್ಲಿ ಪ್ಲಾಸ್ಟಿಕ್ ವಯರುಗಳು ಬರುತ್ತವೆ. ತಿರುಗುವಾಗ ಬಾಗಿಲ ಪಕ್ಕದಿಂದ ಕೈ ಚಾಚಿದಂತೆ ಮೇಲೇಳುವ ಸೆಮಾಫೋರ್ ಸೂಚಕಗಳ ಜಾಗದಲ್ಲಿ ಮಿಣಮಿಣ ದೀಪಗಳು ಬರುತ್ತವೆ. ಹೊರಬಂದ ಗಾಡಿ ಕನ್ನಡಿಯಂತೆ ಹೊಳೆಯುತ್ತದೆ. ನೋಡಿದವರು ‘ಎಷ್ಟು ಚೆನ್ನಾಗಿ ಉಳಿಸಿದ್ದೀರಿ’ ಎಂದು ಹೊಗಳುತ್ತಾರೆ. ಉಳಿದದ್ದು ಆಕಾರ ಮಾತ್ರ. ಮುಟ್ಟಬಹುದಾದ ಮೇಲ್ಮೈಯೆಲ್ಲ ಕಳೆದ ತಿಂಗಳಿನದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮಾತು ಹೊಸದಾಗಬಾರದು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯ ಪರಂಪರೆಯಲ್ಲಿ ಓದಿದವರು ಪಾಠಾಂತರವೆಂದರೇನು, ಲಿಪಿಕಾರನ ಸ್ಖಾಲಿತ್ಯವೆಂದರೇನು ಎಂಬುದನ್ನು ಬಲ್ಲರು. ತಾಳೆಗರಿಯಲ್ಲಿ ಅಕ್ಷರ ಮಸುಕಾಗಿದೆಯೆಂದು ಅದರ ಮೇಲೆಯೇ ಹೊಸದಾಗಿ ಕೊರೆದು ತಿದ್ದುವ ಸಂಪಾದಕನನ್ನು ನಾವು ಕ್ಷಮಿಸುತ್ತೇವೆಯೆ? ತನ್ನ ಊಹೆಯನ್ನು ಆತ ಅಡಿಟಿಪ್ಪಣಿಯಲ್ಲಿ ಹೇಳಲಿ, ಬೇರೆ ಹಾಳೆಯಲ್ಲಿ ಶುದ್ಧಪ್ರತಿ ಬರೆಯಲಿ. ಆದರೆ ಮೂಲಪ್ರತಿಯನ್ನು ಹಾಗೆಯೇ ಬಿಡಬೇಕು, ಏಕೆಂದರೆ ಮುಂದೆ ಬರುವವನು ಇನ್ನೂ ಚೆನ್ನಾಗಿ ಓದಬಲ್ಲವನಾಗಿರಬಹುದು. ಬಂಪರಿನ ತೇಪೆಯನ್ನು ಅಪಘಾತದ ಗುರುತೆಂದು ಓದಿದ ಯಜಮಾನರು ಒಂದು ಅಪಪಾಠವನ್ನು ಮಾಡಿದರು. ಅಪಪಾಠ ಎಲ್ಲರಿಂದಲೂ ಆಗುತ್ತದೆ, ನಮ್ಮಿಂದಲೂ ಆಗಿದೆ. ಆದರೆ ಅಪಪಾಠದ ಬಲದ ಮೇಲೆ ಮೂಲವನ್ನೇ ಅಳಿಸಿಹಾಕುವ ಪದ್ಧತಿಗೆ ‘ಜೀರ್ಣೋದ್ಧಾರ’ ಎಂಬ ಪವಿತ್ರ ಹೆಸರು ಕೊಡುವುದು ತಪ್ಪು. ಶಿಲ್ಪದ ಮೇಲೆ ಎನಾಮಲ್ ಬಣ್ಣ ಬಳಿದು, ಶಾಸನದ ಕಲ್ಲನ್ನು ಸುಣ್ಣದಲ್ಲಿ ಮುಳುಗಿಸಿ ಕೃತಾರ್ಥರಾಗುವ ಭಕ್ತರನ್ನು ಕಂಡು ನಗುವ ನಾವು, ಕಾರಿನ ವಿಷಯಕ್ಕೆ ಬಂದಾಗ ಅದೇ ಸಾಲಿನಲ್ಲಿ ನಿಲ್ಲುತ್ತೇವೆ.

ಈ ಜಗಳ ಹಳೆಯದು. ಇಂಗ್ಲೆಂಡಿನಲ್ಲಿ ಪ್ರಾಚೀನ ಚರ್ಚುಗಳನ್ನು ಕೆರೆದು ಹೊಸದಾಗಿಸುವ ಹುಚ್ಚು ಹಬ್ಬಿದಾಗ ಜಾನ್ ರಸ್ಕಿನ್ 1849ರಷ್ಟು ಹಿಂದೆಯೇ ಅದನ್ನು ಖಂಡಿಸಿ ಬರೆದಿದ್ದ. 1877ರಲ್ಲಿ ಕವಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಪ್ರಾಚೀನ ಕಟ್ಟಡಗಳ ರಕ್ಷಣೆಗೊಂದು ಸಂಘ ಕಟ್ಟಿದರು. ಕೆರೆಯುವುದನ್ನು ವಿರೋಧಿಸುವುದೇ ಅದರ ಮುಖ್ಯ ಕೆಲಸವಾದ್ದರಿಂದ ‘ಆಂಟಿ ಸ್ಕ್ರೇಪ್’ ಎಂಬ ಅಡ್ಡಹೆಸರೂ ಅದಕ್ಕೆ ಬಂತು. ನಿತ್ಯದ ನಿಗಾ ಇಡಿ, ಸೋರುವುದನ್ನು ನಿಲ್ಲಿಸಿ, ಬೀಳುವುದಕ್ಕೆ ಆಸರೆ ಕೊಡಿ, ಹಳೆಯದನ್ನು ಹೊಸದೆಂದು ನಟಿಸಬೇಡಿ ಎಂಬುದು ಅವರ ನಿಲುವಿನ ಸಾರ. ವಿಚಿತ್ರವೆಂದರೆ ಅದೇ 1877ರಲ್ಲಿ ಇನ್ನೊಬ್ಬ ವಿಲಿಯಂ ಮಾರಿಸ್ ಹುಟ್ಟಿದ; ಮುಂದೆ ಮಾರಿಸ್ ಕಾರುಗಳ ಕಂಪನಿ ಕಟ್ಟಿ ಲಾರ್ಡ್ ನಫೀಲ್ಡ್ ಎನ್ನಿಸಿಕೊಂಡವನು ಆತನೇ. ಮೈನರ್ ಕಾರನ್ನು ಆತ ಮೆಚ್ಚಲಿಲ್ಲ, ನೀರಿನಲ್ಲಿ ಬೇಯಿಸಿದ ಮೊಟ್ಟೆಗೆ ಹೋಲಿಸಿ ಹಂಗಿಸಿದನೆಂದು ಪ್ರತೀತಿ. ಎರಡನೆಯ ಮಾರಿಸನ ಕಾರನ್ನು ಮೊದಲನೆಯ ಮಾರಿಸನ ಮಾತಿನಂತೆ ಕಾಪಾಡಬೇಕೆಂಬುದು ನಮ್ಮ ಆಗ್ರಹ. ಇದು ನಮ್ಮ ಮೂವರ ಹಟಮಾರಿತನವೆಂದು ಯಾರೂ ತಿಳಿಯಬೇಕಿಲ್ಲ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫೀವಾ 2013ರಲ್ಲಿ ಅನುಮೋದಿಸಿದ ಟುರಿನ್ ಸನ್ನದು ಕಟ್ಟಡಗಳಿಗಾಗಿ ರೂಪಿಸಿದ 1964ರ ವೆನಿಸ್ ಸನ್ನದಿನಿಂದ ಸ್ಫೂರ್ತಿ ಪಡೆದದ್ದು; ಸಂರಕ್ಷಣೆಗೆ ಮೊದಲ ಸ್ಥಾನ, ಹೊಸದಾಗಿಸುವುದು ಅನಿವಾರ್ಯವಾದಾಗ ಮಾತ್ರ ಎಂಬುದೇ ಅದರ ದಿಕ್ಕು. ಅಮೆರಿಕದ ಪೆಬಲ್ ಬೀಚ್ ಸ್ಪರ್ಧೆಯಲ್ಲಿ ಕೂಡ, ಹೊಸದಾಗಿಸದೆ ಉಳಿಸಿಕೊಂಡ ಗಾಡಿಗಳಿಗೆ ಪ್ರತ್ಯೇಕ ವರ್ಗವಿದೆ.

ಈಗ ಎದುರು ವಾದಗಳು. ‘ತುಕ್ಕು ಇತಿಹಾಸವಲ್ಲ, ರೋಗ’ ಎನ್ನುತ್ತಾರೆ. ಒಪ್ಪುತ್ತೇವೆ. ಮೂಲರೂಪದಲ್ಲಿ ಉಳಿಸುವುದೆಂದರೆ ಕೈಕಟ್ಟಿ ಕೂರುವುದಲ್ಲ. ಅದರ ಆರೈಕೆ ಒಮ್ಮೆ ಬಣ್ಣ ಹೊಡೆಸುವುದಕ್ಕಿಂತ ಹೆಚ್ಚು ಶ್ರಮದ್ದು. ಮೈನರ್ ಕಾರಿನ ಮುಂಗಾಲಿಯ ಕೀಲುಗಳಿಗೆ ಸಾವಿರ ಮೈಲಿಗೊಮ್ಮೆ ಗ್ರೀಸ್ ಕೊಡದಿದ್ದರೆ ಒಂದು ದಿನ ನಡುರಸ್ತೆಯಲ್ಲಿ ಗಾಲಿ ಮಡಚಿಕೊಳ್ಳುತ್ತದೆ. ಅಪ್ಪ ಆ ಕೆಲಸ ಒಮ್ಮೆಯೂ ತಪ್ಪಿಸಲಿಲ್ಲ. ಅವರು 2009ರಲ್ಲಿ ತೀರಿಕೊಂಡ ಮೇಲೆ ನಾವೂ ತಪ್ಪಿಸಲಿಲ್ಲ. ಮುಂಬಯಿಯ ಮಳೆಗಾಲದಲ್ಲಿ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದರೆ ಅದರಡಿಯ ಬೆವರೇ ತಗಡನ್ನು ತಿನ್ನುತ್ತದೆ. ಗ್ಯಾರೇಜಿನೊಳಗೆ ಹತ್ತಿಯ ಬಟ್ಟೆ ಹೊದಿಸಿ, ಗಾಳಿಯಾಡಲು ಬಿಡಬೇಕು. ಬಾಗಿಲುಗಳ ಕೆಳಗಿನ ಪೊಳ್ಳು ಪೆಟ್ಟಿಗೆಗಳ ಒಳಗೆ ಮೇಣ ಬೆರೆಸಿದ ಎಣ್ಣೆ ಸಿಂಪಡಿಸಬೇಕು. ತುಕ್ಕನ್ನು ಅದು ಇರುವಲ್ಲೇ ತಡೆಯಬೇಕು. ಈ ಸಾಧಾರಣ ಕೆಲಸಗಳಿಗೆ ಚಪ್ಪಾಳೆ ಸಿಗದು, ಬಹುಮಾನವೂ ಬರದು.

‘ಸುರಕ್ಷತೆಯ ಗತಿಯೇನು?’ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಟೈರು, ಬ್ರೇಕಿನ ರಬ್ಬರು, ಪೆಟ್ರೋಲಿನ ಕೊಳವೆ ಇವನ್ನು ನಾವು ಬದಲಿಸಿದ್ದೇವೆ. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರನ್ನು ತಿಂದುಹಾಕುತ್ತದೆ. ಅದಕ್ಕೆ ತಾಳುವ ಹೊಸ ಕೊಳವೆ ಹಾಕುವುದು ಭಕ್ತಿಭಂಗವಲ್ಲ. ನಮ್ಮ ನಿಯಮ ಎರಡು. ಬದಲಿಸಿದ್ದನ್ನು ಮುಂದೊಂದು ದಿನ ಹಿಂದಿನಂತೆ ಮಾಡಲು ಸಾಧ್ಯವಿರಬೇಕು. ತೆಗೆದದ್ದನ್ನು ಎಸೆಯದೆ ಹೆಸರು, ತಾರೀಖು ಬರೆದು ಪೆಟ್ಟಿಗೆಯಲ್ಲಿಡಬೇಕು. ಇನ್ನೊಂದು ತಪ್ಪೊಪ್ಪಿಗೆಯನ್ನೂ ಇಲ್ಲೇ ಮಾಡಿಬಿಡುತ್ತೇವೆ: 1970ರ ದಶಕದಲ್ಲಿ ಹುಡ್ಡಿನ ಮೂಲ ಬಟ್ಟೆ ಹರಿದಾಗ ಅಪ್ಪ ಹೊಸದು ಹೊಲಿಸಿದರು, ಹಳೆಯ ಬಟ್ಟೆ ಮನೆಯ ಕಿಟಕಿಯ ಮಳೆಮರೆಯಾಗಿ ಸವೆದುಹೋಯಿತು. ಅದರ ಬಣ್ಣ ಯಾವುದಿತ್ತೆಂಬುದರ ಬಗ್ಗೆ ನಮ್ಮ ಮೂವರಲ್ಲಿ ಇಂದಿಗೂ ಒಮ್ಮತವಿಲ್ಲ. ಒಂದು ಅಂಗೈಯಗಲದ ತುಂಡು ಉಳಿದಿದ್ದರೂ ವಾದ ಮುಗಿಯುತ್ತಿತ್ತು.

‘ಕಾರ್ಖಾನೆಯಿಂದ ಬಂದಾಗ ಅದು ಹೊಳೆಯುತ್ತಿತ್ತಲ್ಲವೆ, ಆ ಹೊಳಪನ್ನು ಮರಳಿಸುವುದು ಮೂಲಕ್ಕೆ ನಿಷ್ಠೆಯಲ್ಲವೆ?’ ಎನ್ನುವವರೂ ಇದ್ದಾರೆ. ಜಾಣವಾದ ಆದರೆ ದುರ್ಬಲವಾದ ವಾದ. 1949ರ ಗಾಡಿಯ ಬಣ್ಣದ ಮೇಲೆ ಇಂದಿನ ಗಾಜಿನಂಥ ಕ್ಲಿಯರ್ ಕೋಟ್ ಇರಲಿಲ್ಲ. ಅದರ ತಗಡುಗಳ ನಡುವಿನ ಸಂದುಗಳು ಕೂದಲೆಳೆಯಷ್ಟು ಸಮನಾಗಿರಲಿಲ್ಲ. ಯುದ್ಧ ಮುಗಿದು, ಉಕ್ಕಿಗೆ ಪರದಾಡುತ್ತಿದ್ದ ದೇಶವೊಂದು ಅವಸರದಲ್ಲಿ ಕಟ್ಟಿ ರಫ್ತು ಮಾಡಿದ ಅಗ್ಗದ ಗಾಡಿ ಅದು. ಇಂದಿನ ಸ್ಪರ್ಧೆಗಳಲ್ಲಿ ಮಿಂಚುವ ಮೈನರುಗಳು ಎಂದೂ ಇಲ್ಲದಿದ್ದ ಒಂದು ಭೂತಕಾಲವನ್ನು ತೋರಿಸುತ್ತವೆ. ನಮ್ಮ ಜನ ಇದಕ್ಕೆ ಹಿಂದೆಯೇ ಹೆಸರಿಟ್ಟಿದ್ದಾರೆ: ಮೇಲೆ ಥಳಕು, ಒಳಗೆ ಹುಳುಕು.

ನಮ್ಮ ವಾದಕ್ಕೂ ಒಂದು ಎಲ್ಲೆಯುಂಟು. ಸುಟ್ಟುಹೋದ, ಅರ್ಧಕ್ಕರ್ಧ ಕಳಚಿಹೋದ, ಹೊಲದ ಮೂಲೆಯಲ್ಲಿ ಕೋಳಿಗೂಡಾಗಿ ಉಳಿದ ಗಾಡಿಗೆ ಹೊಸ ಜೀವ ಕೊಡುವವರ ಮೇಲೆ ನಮಗೆ ಗೌರವವಿದೆ. ಅಲ್ಲಿ ಅಳಿಸಲು ಮೂಲವೇ ಉಳಿದಿಲ್ಲ. ನಮ್ಮ ಆಕ್ಷೇಪಣೆ, ಇನ್ನೂ ಓದಲು ಬರುವ ಪ್ರತಿಯನ್ನು ಅಳಿಸುವವರ ಮೇಲೆ.

ಕನ್ವರ್ಟಿಬಲ್ ಗಾಡಿಗಳ ವಿಷಯದಲ್ಲಿ ಈ ಹೊಳಪಿನ ಮಾರುಕಟ್ಟೆ ಇನ್ನೊಂದು ಅನರ್ಥವನ್ನೂ ಹುಟ್ಟಿಸಿದೆ. ತೆರೆದ ಗಾಡಿಗೆ ಬೆಲೆ ಹೆಚ್ಚೆಂದು ಮುಚ್ಚಿದ ಗಾಡಿಗಳ ತಲೆ ಕತ್ತರಿಸುತ್ತಾರೆ. ಮೈನರ್ ಕಾರಿಗೆ ಬೇರೆ ಚೌಕಟ್ಟಿಲ್ಲ, ಇಡೀ ಒಡಲೇ ಭಾರ ಹೊರುತ್ತದೆ. ಚಾವಣಿಯೂ ಆ ಬಲದ ಪಾಲುದಾರ. ಕಾರ್ಖಾನೆ ಟೂರರ್ ಮಾಡುವಾಗ ಕೆಳಗೆ ಹೆಚ್ಚಿನ ಉಕ್ಕಿನ ಬಿಗಿ ಕೊಟ್ಟಿತ್ತು. ಅದಿಲ್ಲದೆ ಚಾವಣಿ ಕೊಯ್ದರೆ ಗಾಡಿ ನಡುವೆ ಬಾಗಿ, ಬಾಗಿಲುಗಳು ತಾವಾಗಿ ಮುಚ್ಚುವುದನ್ನು ನಿಲ್ಲಿಸುತ್ತವೆ. ಅಂಥ ಗಾಡಿಗೂ ದಪ್ಪನೆಯ ಹೊಸ ಬಣ್ಣ ಬಳಿದರೆ ಕೊಯ್ದ ಗುರುತು ಮುಚ್ಚಿಹೋಗುತ್ತದೆ. ಹೊಸದಾಗಿಸದ ಗಾಡಿಯಲ್ಲಿ ಅದನ್ನು ಅಡಗಿಸಲಾಗದು. ಹಳೆಯ ಬಣ್ಣ ಎಂದರೆ ಪ್ರಾಮಾಣಿಕತೆಯ ರುಜು. ನಮ್ಮ ಸರ್ಕಾರದ ಕಾನೂನು ಕೂಡ ಇದನ್ನು ಅರಿತಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ವಿಧಿಗಳ ಪ್ರಕಾರ, ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಉಳಿದಿರುವ, ಚಾಸಿ, ಒಡಲು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ಗಾಡಿಗಷ್ಟೇ ವಿಂಟೇಜ್ ಎಂಬ ಮಾನ್ಯತೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಗುರುತು. ಕಾಗದದಲ್ಲಿ ಸರ್ಕಾರ ಮೂಲರೂಪವನ್ನು ಕೇಳುತ್ತದೆ. ಸಂತೆಯಲ್ಲಿ ಕೊಳ್ಳುವವರು ಅದನ್ನೇ ಕೆರೆದು ತೆಗೆಯಿರಿ ಎನ್ನುತ್ತಾರೆ.

ಇನ್ನು ಮೊದಲನೆಯ ಆಕ್ಷೇಪಣೆ: ಮಾರಿದ್ದೇಕೆ? ಗಾಡಿ ನಿಂತಿದ್ದ ಮಾತುಂಗದ ಹಳೆಯ ಕಟ್ಟಡ ಮರುನಿರ್ಮಾಣಕ್ಕೆ ಹೋಯಿತು. ಅದರೊಂದಿಗೆ ಗ್ಯಾರೇಜೂ ಹೋಯಿತು. ನಮ್ಮಲ್ಲಿ ಒಬ್ಬರು ಪುಣೆಯಲ್ಲಿ, ಒಬ್ಬರು ಚೆನ್ನೈಯಲ್ಲಿ, ಮುಂಬಯಿಯಲ್ಲಿ ಉಳಿದವರಿಗೆ ಅರವತ್ತೈದು ದಾಟಿದೆ. ಕೀಲುಗಳಿಗೆ ಗ್ರೀಸ್ ಕೊಡಲು ಗಾಡಿಯಡಿಗೆ ಮಲಗುವ ವಯಸ್ಸು ಯಾರಿಗೂ ಇಲ್ಲ. ಕಾರನ್ನು ತೆರೆದ ಬಯಲಿನಲ್ಲಿ ನಿಲ್ಲಿಸಿ, ಮೇಲೆ ತಾಡಪತ್ರಿ ಎಳೆದು, ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹೂ ಏರಿಸಿ ‘ಅಪ್ಪನ ಕಾರು’ ಎಂದು ಕಣ್ಣೊರೆಸಿಕೊಳ್ಳುವುದು ಸುಲಭವಿತ್ತು. ಎಷ್ಟೋ ಮನೆಗಳಲ್ಲಿ ಅದೇ ನಡೆಯುತ್ತಿದೆ. ಎರಡು ಮಳೆಗಾಲ ಕಳೆದರೆ ನೆಲದ ತಗಡು ಉದುರುತ್ತದೆ, ಇಲಿಗಳು ಸೀಟಿನಲ್ಲಿ ಸಂಸಾರ ಹೂಡುತ್ತವೆ, ಕೊನೆಗೊಂದು ದಿನ ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ಯುತ್ತಾನೆ. ಮಾರಬಾರದೆಂಬ ಮಮಕಾರ ಬಣ್ಣಗಾರನಿಗಿಂತ ಹೆಚ್ಚು ಗಾಡಿಗಳನ್ನು ಕೊಂದಿದೆಯೇನೋ ಎಂಬ ಅನುಮಾನ ನಮಗಿದೆ. ಹೊರನಾಡಿನ ನಮ್ಮ ಮನೆಗಳಲ್ಲಿ ಹಿರಿಯರ ಕನ್ನಡ ಪುಸ್ತಕಗಳ ಗತಿಯೂ ಇದೇ ಅಲ್ಲವೆ? ಕೊಡಲು ಮನಸ್ಸಿಲ್ಲ, ಓದುವವರು ಮನೆಯಲ್ಲಿಲ್ಲ. ಗೆದ್ದಲು ಮಾತ್ರ ತಪ್ಪದೆ ಬರುತ್ತದೆ. ಆರೈಕೆ ಮಾಡಲಾಗದವನಿಗೆ ಒಡೆತನದ ಹಕ್ಕು ಕಾಗದದ ಮೇಲೆ ಇರಬಹುದು, ನೈತಿಕವಾಗಿ ಇಲ್ಲ.

ಮೂವರು ಕೊಳ್ಳಲು ಬಂದರು. ಮೊದಲನೆಯವರು ಮದುವೆಯ ಮೆರವಣಿಗೆಗೆ ಗಾಡಿ ಬಾಡಿಗೆ ಕೊಡುವವರು. ಕೆಂಪು ಬಣ್ಣ, ಬಿಳಿಯ ಸೀಟು, ಹಿಂದೆ ವಧೂವರರು ನಿಲ್ಲಲು ಹಿಡಿಕೆ ಎಂದು ಉತ್ಸಾಹದಿಂದ ವಿವರಿಸಿದರು. ಅವರದು ಹೊಟ್ಟೆಪಾಡು, ಅವರ ಮೇಲೆ ನಮಗೆ ಸಿಟ್ಟಿಲ್ಲ. ಎರಡನೆಯವರು ಹಳೆಯ ಕಾರುಗಳ ವ್ಯಾಪಾರಿ. ತಗಡಿನವರೆಗೂ ಬಿಚ್ಚಿ ಹೊಸದಾಗಿಸಿ ಮಾರುವ ಉದ್ದೇಶವನ್ನು ಮುಚ್ಚಿಡದೆ ಹೇಳಿ, ಎಲ್ಲರಿಗಿಂತ ಹೆಚ್ಚಿನ ಬೆಲೆ ಕೊಡಲು ಸಿದ್ಧರಾದರು. ಮೂರನೆಯವರು ಪುಣೆಯ ನಿವೃತ್ತ ಅಧ್ಯಾಪಕರು, ಲೋಹಶಾಸ್ತ್ರ ಕಲಿಸಿದವರು. ಅವರು ಕೊಡಬಲ್ಲ ಹಣ ವ್ಯಾಪಾರಿಯ ಬೆಲೆಯ ಮೂರನೇ ಎರಡು ಪಾಲು. ಬಂದವರೇ ಪೈಜಾಮ ಕೊಳೆಯಾಗುವುದನ್ನು ಲೆಕ್ಕಿಸದೆ ನೆಲಕ್ಕೆ ಮಲಗಿ ಗಾಡಿಯ ಅಡಿ ನೋಡಿದರು. ಎದ್ದು, ‘ಬಂಪರಿನ ತೇಪೆ ಉಳಿದುಕೊಂಡಿದೆಯಲ್ಲ!’ ಎಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ನೀವು ಏನೇನನ್ನು ಬದಲಿಸಿದ್ದೀರಿ, ಅದರ ಪಟ್ಟಿ ಇದೆಯೆ?

ನಮ್ಮಲ್ಲಿ ಆ ರಾತ್ರಿ ಮಾತು ಬಿರುಸಾಯಿತು. ಚೆನ್ನೈಯಲ್ಲಿರುವವರ ಮನೆಯಲ್ಲಿ ಆಗಷ್ಟೇ ಶಸ್ತ್ರಚಿಕಿತ್ಸೆಯೊಂದರ ಖರ್ಚು ಮುಗಿದಿತ್ತು; ಉಳಿದ ಮೂರನೇ ಒಂದು ಪಾಲು ಅವರಿಗೆ ಸಣ್ಣ ಮೊತ್ತವಾಗಿರಲಿಲ್ಲ. ತತ್ತ್ವಕ್ಕೆ ಬೆಲೆ ತೆರುವಾಗ ಎಲ್ಲರ ಜೇಬಿನಿಂದಲೂ ಸಮನಾಗಿ ಹೋಗುವುದಿಲ್ಲ ಎಂಬುದನ್ನು ಈ ಲೇಖನದಂಥವನ್ನು ಬರೆಯುವವರು ಮರೆಯಬಾರದು. ಇಬ್ಬರು ತಮ್ಮ ಪಾಲಿನಿಂದ ಒಂದಿಷ್ಟು ಬಿಟ್ಟುಕೊಟ್ಟ ಮೇಲೆ ಒಮ್ಮತ ಬಂತು. ಮೂರನೆಯವರಿಗೇ ಕೊಟ್ಟೆವು. ಕೊಡುವ ಮುನ್ನ ದೋಷಗಳನ್ನೆಲ್ಲ ಬರೆದು ಕೊಟ್ಟೆವು: ಎಡಬದಿಯ ಬಾಗಿಲಡಿಯ ತುಕ್ಕು, ಎರಡನೇ ಗೇರಿನಿಂದ ಹಾರುವ ಚಾಳಿ, ಹುಡ್ ಮೂಲದ್ದಲ್ಲ, ಬಲಗಡೆಯ ಸೆಮಾಫೋರ್ ಮನಸ್ಸು ಬಂದಾಗ ಮಾತ್ರ ಏಳುತ್ತದೆ. ಬಣ್ಣ ಬಳಿದು ಮಾರಿದ್ದರೆ ಈ ಪಟ್ಟಿಯ ಅಗತ್ಯವೇ ಇರುತ್ತಿರಲಿಲ್ಲ. ಬಣ್ಣದ ಉಪಯೋಗವೇ ಅದು.

ಕೊನೆಗೆ ಉಳಿದದ್ದು ಅಪ್ಪನ ವಹಿ. 1963ರಿಂದ ಗಾಡಿಗೆ ಹಾಕಿದ ಪ್ರತಿ ಗ್ಯಾಲನ್, ಆಮೇಲೆ ಪ್ರತಿ ಲೀಟರ್ ಪೆಟ್ರೋಲು, ಕೊಟ್ಟ ಗ್ರೀಸು, ಚೋರ್ ಬಜಾರಿನಲ್ಲಿ ತಂದ ಬಿಡಿಭಾಗ, ಘಾಟಿಯಲ್ಲಿ ತಣಿಯಲು ನಿಂತ ನಿಮಿಷಗಳು ಎಲ್ಲವನ್ನೂ ಅವರು ಅದರಲ್ಲಿ ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದಿದ್ದರು. ಅದನ್ನು ನಾವೇ ಇಟ್ಟುಕೊಳ್ಳಬೇಕೆಂದು ಮೂವರಿಗೂ ಆಸೆಯಾಯಿತು. ಕೊಂಡವರಿಗೆ ಕನ್ನಡ ಬಾರದು ಎಂಬ ನೆಪವೂ ಸಿದ್ಧವಿತ್ತು. ಆದರೆ ವಹಿ ಗಾಡಿಯ ಭಾಗ. ಬಂಪರಿನ ತೇಪೆಯಂತೆ, ಅಮ್ಮನ ಬಳೆಯ ಗುರುತಿನಂತೆ. ಅದನ್ನು ಕಿತ್ತಿಟ್ಟುಕೊಂಡು ಉಳಿದವರಿಗೆ ಮೂಲರೂಪದ ಉಪದೇಶ ಮಾಡಲು ನಮಗೆ ಯಾವ ಮುಖ? ಪುಟ ಪುಟವನ್ನೂ ನಕಲು ಮಾಡಿಸಿ ನಾವು ಇಟ್ಟುಕೊಂಡೆವು. ಮೂಲವನ್ನು, ಮರಾಠಿಯಲ್ಲಿ ಬರೆದ ಸಾರಾಂಶದೊಂದಿಗೆ, ಗಾಡಿಯ ಜೊತೆ ಕಳಿಸಿದೆವು. ಬಾಗಿಲಿನ ಸವೆತದ ಕಾರಣವನ್ನು ಅಪ್ಪ ಎಲ್ಲೂ ಬರೆದಿರಲಿಲ್ಲ. ಕೊನೆಯ ಪುಟದಲ್ಲಿ ನಾವು ಅದನ್ನು ಬರೆದು, ಮಾರಿದ ತಾರೀಖು ಹಾಕಿ, ಮೂವರೂ ರುಜು ಮಾಡಿದೆವು.

ನಿಮ್ಮ ಮನೆಯ ಹಿತ್ತಲಲ್ಲೋ ಊರಿನ ಕೊಟ್ಟಿಗೆಯಲ್ಲೋ ಇಂಥ ಗಾಡಿ ಇದ್ದರೆ, ಬಣ್ಣದವನನ್ನು ಕರೆಯುವ ಮುನ್ನ ಒಂದು ಸಂಜೆ ಅದರ ಪಕ್ಕದಲ್ಲಿ ಕುಳಿತು, ಕಾಣುವ ಪ್ರತಿಯೊಂದು ಗುರುತಿಗೂ ಕಾರಣವೇನೆಂದು ಬರೆಯಿರಿ. ಗೊತ್ತಿಲ್ಲದ ಕಡೆ ಜಾಗ ಬಿಡಿ. ಆರೈಕೆ ಸಾಧ್ಯವಿದ್ದರೆ ಮಾಡಿ. ಸಾಧ್ಯವಿಲ್ಲದಿದ್ದರೆ ಮಾಡಬಲ್ಲವರಿಗೆ, ದೋಷಗಳನ್ನು ಮುಚ್ಚಿಡದೆ, ಕಡಿಮೆ ಬೆಲೆಗಾದರೂ ಕೊಟ್ಟುಬಿಡಿ. ಹೊಸ ಕಾರು ಬೇಕೆನ್ನುವವರಿಗೆ ಊರ ತುಂಬ ಷೋರೂಮುಗಳಿವೆ.